ಮೂರಕ್ಕೆ ಮೀರದಂತೆ

ರಾತ್ರಿ ಎರಡು ಗಂಟೆ. ಸೇಂಟ್ ಜಾನ್ಸ್.
ಬಂದರಿನ ಮಂಜು ಕಿಟಕಿಗೆ ಮೂಗೊತ್ತಿ ನಿಂತಿದೆ.
ವೃದ್ಧಾಶ್ರಮದ ಹದಿನಾಲ್ಕನೇ ಕೋಣೆಯಲ್ಲಿ
ಆಂಬ್ರೋಸ್ ಪೆನ್ನಿಗೆ ನಿದ್ದೆಯಿಲ್ಲ;
ನನಗೆ ನಿದ್ದೆ ಮಾಡುವ ಹಕ್ಕಿಲ್ಲ.
ಹಾಸಿಗೆ ಬದಲಿಸಿ, ನೀರು ತುಂಬಿಸಿಟ್ಟು,
ಬಟ್ಟೆಗಾಡಿಯ ತಳದಿಂದ ಪುಸ್ತಕ ತೆಗೆದು
ಅವನ ಕೈಗಿಡುತ್ತೇನೆ. ಕೇಳು, ಎನ್ನುತ್ತೇನೆ.
ಅವನು ಕನ್ನಡಕ ಏರಿಸುತ್ತಾನೆ.

ಪ್ರತಿ ಪ್ರಶ್ನೆಯ ಕೊನೆಗೂ ಅದೇ ಸಾಲು:
ಮೂರಕ್ಕೆ ಮೀರದಂತೆ ಬರೆಯಿರಿ.
ನಾಲ್ಕನೆಯದು ಬರೆದೆಯೋ,
ಮೊದಲ ಮೂರೂ ನೀರಲ್ಲಿ ಮಾಡಿದ ಹೋಮ.
ಓಮ್‌ದುರ್ಮಾನಿನಲ್ಲಿ ಹನ್ನೊಂದು ವರ್ಷ
ನಾನು ಮೀರಿಯೇ ದುಡಿದವಳು:
ಒಂದು ಮಂಚಕ್ಕೆ ಇಬ್ಬರು, ಒಂದು ಸ್ಟೆತಾಸ್ಕೋಪಿಗೆ ನಾಲ್ವರು,
ಕರೆಂಟು ಹೋದರೆ ಮೊಬೈಲಿನ ಬೆಳಕಿನಲ್ಲಿ ಹೊಲಿಗೆ.
ಇಲ್ಲಿ ಅಳೆದು ಬರೆಯಬೇಕು,
ಪಥ್ಯದವರಿಗೆ ಉಪ್ಪು ಹಾಕಿದಂತೆ.

"ಐವತ್ತೆಂಟರ ಹೆಂಗಸು. ಎದೆ ಬಿಗಿತ. ಎರಡು ಗಂಟೆಯಿಂದ."
ಅವನು ಓದುವುದು ಹವಾಮಾನ ವರದಿಯ ಹಾಗೆ,
ದೋಣಿಗಳಿಗೆ ಎಚ್ಚರಿಕೆ ಕೊಡುವ ಆ ದನಿ.
ಇಸಿಜಿ, ಆಸ್ಪಿರಿನ್, ಟ್ರೊಪೋನಿನ್, ಎನ್ನುತ್ತೇನೆ.
ಅವನು ಉತ್ತರದ ಪುಟ ತಿರುಗಿಸುವುದಿಲ್ಲ.
"ಹೆಸರೇನು ಅವಳದು?"
ಪ್ರಶ್ನೆಯಲ್ಲಿ ಹೆಸರಿರುವುದಿಲ್ಲ, ಆಂಬ್ರೋಸ್.
"ಹೆಸರಿಲ್ಲದವಳ ಎದೆ ಹ್ಯಾಗೆ ಬಿಗಿಯುತ್ತೆ?
ಬರಕೋ, ಡಲ್ಸಿ. ಗಂಡನಿಗೆ ಹೇಳಿಲ್ಲ.
ಒಲೆ ಮೇಲೆ ಬಟಾಣಿ ಸೂಪಿದೆ,
ಅದು ಬೇಯದೆ ಆಸ್ಪತ್ರೆಗೆ ಬರೋಳಲ್ಲ."
ಇದಕ್ಕೆ ಅಂಕವಿಲ್ಲ. ಆದರೂ ಬರೆದುಕೊಳ್ಳುತ್ತೇನೆ.

ಹೀಗೇ ಚಳಿಗಾಲ ಕಳೆಯಿತು.
ನಲವತ್ತರ ಗಂಡಸು, ಸಿಗರೇಟು ಇಲ್ಲವೆನ್ನುತ್ತಾನೆ.
"ಸುಳ್ಳ. ಅವನ ಮೀಸೆ ನೋಡು."
ಆರು ತಿಂಗಳ ಮಗು, ಜ್ವರ, ಎದೆಹಾಲು ಬಿಟ್ಟಿದೆ,
ಅಲ್ಲಿಗೆ ನಿಲ್ಲಿಸಿದ.
ಎರಡು ಪುಟ ಒಟ್ಟಿಗೆ ಮಗುಚಿದ.
ನಾನೂ ಕೇಳಲಿಲ್ಲ.

ಮಾರ್ಚ್ ತಿಂಗಳ ಒಂದು ರಾತ್ರಿ. ಪರೀಕ್ಷೆಗೆ ಒಂಬತ್ತು ದಿನ.
"ಎಂಬತ್ತೊಂದರ ಮುದುಕ," ಅಂದ,
"ಮೀನುಗಾರ. ಕಾಡ್ ಮೀನು ನಿಂತ ವರ್ಷ ಬಲೆ ಮಡಚಿದವ.
ಮಂಡಿನೋವಿಗೆ ಮಾತ್ರೆ ನುಂಗುತ್ತಾನೆ,
ಇಲ್ಲಿ ಕೊಡುವುದಲ್ಲ, ಮೊಮ್ಮಗ ತಂದುಕೊಟ್ಟದ್ದು, ಮುಷ್ಟಿ ಮುಷ್ಟಿ.
ಮೂರು ದಿನದಿಂದ ಮಲ ಡಾಂಬರಿನ ಹಾಗೆ ಕಪ್ಪು.
ಎದ್ದು ನಿಂತರೆ ಕೋಣೆ ದೋಣಿಯಾಗುತ್ತೆ.
ಯಾರಿಗೂ ಹೇಳಿಲ್ಲ.
ತಕ್ಷಣ ಏನು ಮಾಡುವಿರಿ? ಮೂರಕ್ಕೆ ಮೀರದಂತೆ."

ದಿಂಬಿನ ಗವಸು ಮಡಚುತ್ತಲೇ ಗಿಣಿಪಾಠ ಒಪ್ಪಿಸಿದೆ:
ಎರಡೂ ತೋಳಿಗೆ ದಪ್ಪ ಸೂಜಿ, ಸಲೈನು.
ಗುಂಪು ನೋಡಿ ಹೊಂದುವ ರಕ್ತ ತರಿಸು.
ಆ ಮಾತ್ರೆ ನಿಲ್ಲಿಸು.
ಸರಿಯಾ, ಎಂದು ತಿರುಗಿದೆ.

ಕನ್ನಡಕ ಮೇಜಿನ ಮೇಲಿತ್ತು.
ಪುಸ್ತಕ ಮುಚ್ಚಿತ್ತು, ಅವನ ಹೊಟ್ಟೆಯ ಮೇಲೆ,
ಅದರ ಮೇಲೆ ಅವನ ಎರಡೂ ಕೈ,
ಉಗುರೆಲ್ಲ ಸುಣ್ಣ.

"ಈ ಸಲ ಹೆಸರು ಕೇಳಲಿಲ್ಲ ನೀನು," ಅಂದ.

ನಾಡಿ ಹಿಡಿದೆ. ಓಡುತ್ತಿತ್ತು, ದಾರದಷ್ಟು ಸಣ್ಣಗೆ.
ಹನ್ನೊಂದು ವರ್ಷವೂ ಬೆರಳ ತುದಿಗೆ ಬಂದು ಕೂತವು.
ಸೂಜಿ ಎಲ್ಲಿದೆಯೆಂದು ಗೊತ್ತು:
ಎಡಗಡೆ ಕಪಾಟು, ಎರಡನೇ ಖಾನೆ.
ಬೀಗದ ಕೈ ನನ್ನದಲ್ಲ.
ಕೊರಳ ಬಿಲ್ಲೆಯಲ್ಲಿ ಬರೆದಿದೆ: ಇಖ್ಲಾಸ್, ಆರೈಕೆ ಸಹಾಯಕಿ.
ನಾನು ಬರೆಯಬಹುದಾದ ಉತ್ತರ
ಗೋಡೆಯ ಮೇಲೆ, ಗುಂಡಗೆ, ಕೆಂಪಗೆ.
ಒತ್ತಿದೆ.
ಒತ್ತಿಕೊಂಡೇ ನಿಂತೆ.
ತಲೆ ಇಳಿಸಿ ಕಾಲ ಕೆಳಗೆ ದಿಂಬಿಟ್ಟೆ, ಅದು ಎರಡು.
ಆಂಬ್ರೋಸ್, ಎಂದೆ, ಆಂಬ್ರೋಸ್, ಕಣ್ಣು ಬಿಡು,
ಅದು ಮೂರೋ, ನಾಲ್ಕೋ,
ಎಣಿಕೆ ತಪ್ಪಿತು.

ಕಾರಿಡಾರಿನಲ್ಲಿ ನರ್ಸ್ ಗ್ಲೆನೀಸಳ ಬೂಟಿನ ಸದ್ದು.
ಎಷ್ಟು ಹೊತ್ತಾಯಿತು, ಎಷ್ಟು ಮಾತ್ರೆ, ಎಂದೆಲ್ಲ ಕೇಳಿದಳು.
ಉತ್ತರ ಕೊಟ್ಟೆ. ಅರ್ಧ ಅರಬಿಯಲ್ಲಿ ಕೊಟ್ಟೆನಂತೆ.

ಆಂಬುಲೆನ್ಸಿನವರು ಸ್ಟ್ರೆಚರ್ ತಿರುಗಿಸುವಾಗ
ಅವನ ಕೈ ನನ್ನ ತೋಳು ಹುಡುಕಿತು.
"ಆ ಜ್ವರದ ಮಗು," ಅಂದ.
"ಅದಕ್ಕೆ ಏನು ಮಾಡಬೇಕಿತ್ತು?"
ಹೇಳಿದೆ.
ಮಂಜಿನಲ್ಲಿ ಬಾಗಿಲು ಮುಚ್ಚುವ ತನಕ
ಪಕ್ಕದಲ್ಲಿ ಓಡುತ್ತ ಹೇಳಿದೆ,
ನನಗೆ ಗೊತ್ತಿದ್ದದ್ದಷ್ಟೂ.