ಟಾರ್ಕ್ವಿಲ್ ಮಾವನ ಮೊಣಕಾಲು

"ಒತ್ತಿದೆ. ಗೊರ್ರೆಂದಿತು. ಬಾಯಿ ಬಿಡಲೊಲ್ಲದು,"
ಸ್ಟ್ರಾಮ್‌ನೆಸ್‌ನಿಂದ ಮಾವ.
ಅಬರ್ಡೀನಿನ ಬೇಕರಿಯ ಹಿಂಬಾಗಿಲಲ್ಲಿ ನಾನು,
ಕಿವಿಗೂ ಹೆಗಲಿಗೂ ನಡುವೆ ಫೋನು,
ಮೊಣಕೈವರೆಗೆ ಹಿಟ್ಟು.

"ಗುಂಡಿಯ ಪಕ್ಕ ಸೂಜಿಮೊನೆಯಷ್ಟು ತೂತಿದೆ, ನೋಡು."
"ದೀಪಸ್ತಂಭವೇ ಕಾಣದು ಈಗ ನನಗೆ."
"ಬೆರಳಿಂದ ನೋಡು."
ಉಸಿರು. ಹಿಂದೆಲ್ಲೋ ಕೆಟಲಿನ ಸಿಳ್ಳೆ.
"ಸಿಕ್ತು."

ಪೇಪರ್ ಕ್ಲಿಪ್ಪು ಆ ಮನೆಯಲ್ಲಿ ಹುಟ್ಟೇ ಇಲ್ಲ.
ಗಾಳವೊಂದನ್ನು ಇಕ್ಕಳದಲ್ಲಿ ನೆಟ್ಟಗೆ ಮಾಡಿದ.
ಅರವತ್ತು ವರ್ಷ ಕಡಲಿಂದ ಎಳೆದೇ ಎಳೆದವನಿಗೆ
ಇವತ್ತು ತಳ್ಳುವ ಕೆಲಸ.
ಕಟಕ್.

"ತಟ್ಟೆ ಬಂತು. ಖಾಲಿ.
ನನ್ನ ಮೊಣಕಾಲು ಎಲ್ಲಿ?"
ಆಸ್ಪತ್ರೆಯವರು ಎಕ್ಸ್‌ರೇಯನ್ನು ಡಿಸ್ಕಿಗೆ ಹಾಕಿ ಕೊಟ್ಟಿದ್ದರು;
ಇವನು ತಟ್ಟೆಯ ಮೇಲಿನ ಸಂದಿಗೆ ತೂರಿಸಿದ್ದ,
ಅಂಚೆಡಬ್ಬಿಗೆ ಕಾಗದ ಹಾಕಿದ ಹಾಗೆ.

"ಪೆಟ್ಟಿಗೆ ಎತ್ತಿ ಅಲ್ಲಾಡಿಸು, ಮಾವ."
ನನ್ನ ಬ್ರೆಡ್ಡು ಸೀಯುತ್ತಿತ್ತು. ಆದರೂ ಕೇಳಿಸಿತು
ಕಡಲಾಚೆಯಿಂದ:
ಲೊಟಲೊಟ.

"ಒಳಗೇ ಇದೆ," ಅಂದೆ.
"ನಡೆದರೂ ಇದೇ ಸದ್ದು," ಅಂದ.
"ಡಾಕ್ಟರಿಗೆ ಫೋನಲ್ಲಿ ಕೇಳಿಸಿದ್ದರೆ ಸಾಕಿತ್ತು."