ಇಪ್ಪತ್ತೆರಡು, ಎಡದಿಂದ ಬಲಕ್ಕೆ

ಏಳಕ್ಕೆ ಬಾಗಿಲ ಸೀಳಿನಿಂದ ಪತ್ರಿಕೆ ಬೀಳುತ್ತದೆ.
ಸಂಸತ್ತು, ಸಾವು, ಕುದುರೆ ಜೂಜು ಎಲ್ಲ ಬಿಟ್ಟು
ಥೆಲ್ಮಾ ಗಾರ್ಸ್ಟಾಂಗ್ ಕೊನೆಯ ಪುಟದಿಂದ ಒಳಗೆ ಬರುತ್ತಾಳೆ,
ಹಿತ್ತಿಲ ಬಾಗಿಲಿನಿಂದ ಬರುವ ಹಳೆಯ ಪರಿಚಯದವರ ಹಾಗೆ.

ಇವತ್ತು ಗುರುವಾರ. ಉಲ್ಲಂಕಿಯ ಸರದಿ.

ಉಲ್ಲಂಕಿ ಎಂದರೆ ಕೆಸರಿಗೆ ಕೊಕ್ಕೂರಿ ಹುಳ ಹೆಕ್ಕುವ ಹಕ್ಕಿ;
ಪದಬಂಧದ ಕೆಳಗೆ ಸಣ್ಣಕ್ಷರದಲ್ಲಿ ಅದರ ಹೆಸರು.
ಅಸಲು ಹೆಸರು ಸೆಡ್ರಿಕ್ ಎಂಬುದು
ಸಂಪಾದಕನಿಗೆ ಗೊತ್ತು, ತೆರಿಗೆಯವರಿಗೆ ಗೊತ್ತು,
ಹತ್ತೊಂಬತ್ತು ವರ್ಷ ಅವನ ಕಾಲುಚೀಲಗಳ ಜೋಡಿ ಹುಡುಕಿದವಳಿಗೆ ಗೊತ್ತು.

ಮೋರ್‌ಕ್ಯಾಂಬ್ ಕೊಲ್ಲಿಯ ಈ ದಡದಲ್ಲಿ ಇವಳು,
ಆ ದಡದ ಗ್ರೇಂಜ್‌ನಲ್ಲಿ ಅವನು,
ನಡುವೆ ಮೈಲಿಗಟ್ಟಲೆ ಹಸಿ ಮರಳು.
ಇಳಿತದಲ್ಲಿ, ದಾರಿ ಬಲ್ಲವರ ಬೆನ್ನಿಗೆ, ದಾಟಬಹುದು.
ಒಬ್ಬರೇ ಹೊರಟರೆ ಮೊದಲು ಮೊಣಕಾಲು,
ಆಮೇಲೆ ಟೋಪಿ.

ನಡುವೆ ಒಂದು ಮಾತು:
ಅವರ ನುಡಿಯ ಕಸರತ್ತು ನಮ್ಮಲ್ಲಿ ಕಾಲೂರುವುದಿಲ್ಲ,
ಸುಳಿವುಗಳಿಗೆ ನಮ್ಮ ಅಂಗಿ ತೊಡಿಸಿದ್ದೇನೆ.
ಮೋರ್‌ಕ್ಯಾಂಬ್‌ನಲ್ಲಿ ವಡೆ ಎಲ್ಲಿ ಸಿಗುತ್ತದೆಂದು ಕೇಳಬೇಡಿ.

ಒಂದು: 'ಕಣ್ಣು, ಹಿಂದಿನಿಂದ ನೋಡಿದರೂ ಕಣ್ಣೇ. ಮೂರು.'
ನಯನ. ಪೆನ್ನಿನ ಮುಚ್ಚಳ ತೆಗೆಯುವ ಮುಂಚೆಯೇ ಆಯಿತು.
ಅಂಚಿನಲ್ಲಿ ಬರೆಯುತ್ತಾಳೆ: ಹಳಸಲು.
ಒಂಬತ್ತು: 'ತಲೆ ಕಳೆದುಕೊಂಡ ಕವಡೆ ತಟ್ಟೆಗೆ ಬಂತು. ಎರಡು.'
ವಡೆ. ಅಂಚಿನಲ್ಲಿ: ಗರಿಗರಿ.

ಹೀಗೆ ಹನ್ನೊಂದು ವರ್ಷದ ಗುರುವಾರಗಳು
ನೀಲಿ ರಟ್ಟಿನ ನೋಟ್‌ಬುಕ್ಕುಗಳಲ್ಲಿ, ಐದಕ್ಕೆ ಇಷ್ಟು ಎಂದು ಅಂಕ ಸಮೇತ.
ಯಾರೂ ಕೇಳಿಲ್ಲ, ಯಾರೂ ಓದಿಲ್ಲ.

ಮೊದಲಾದರೆ ಬುಧವಾರ ರಾತ್ರಿ ಊಟದ ತಟ್ಟೆ ಸರಿಸಿ
ಹಾಳೆಯನ್ನು ಮೇಜಿನಾಚೆ ಅವಳತ್ತ ತಳ್ಳುತ್ತಿದ್ದ.
ಇವಳದು ಸೀಸದಕಡ್ಡಿ. ಇದು ಮೋಸ. ಇದು ಮುದ್ದಾಗಿದೆ.
ಇಲ್ಲಿ ಎಣಿಕೆ ತಪ್ಪಿದೆ, ಸೆಡ್ರಿಕ್, ಮತ್ತೆ.
ಅವನು ಮುಖ ಊದಿಸಿಕೊಂಡು ಎರಡು ಪಾತ್ರೆ ತೊಳೆದು
ಬಂದು ತಿದ್ದುತ್ತಿದ್ದ.

ಹದಿನೇಳು, ಮೇಲಿನಿಂದ ಕೆಳಕ್ಕೆ:
'ಕೊಲ್ಲಿಯ ತುಂಬ ಬಿದ್ದದ್ದು, ವಾಪಸು ಬಾ ಎನ್ನುತ್ತಿದೆ. ಮೂರು.'

ಮರಳು.

ಕೆಳಮನೆಯ ವಿನಿಫ್ರೆಡ್ ಆಗಿದ್ದರೆ
ಎದೆಗೆ ಕೈ ಒತ್ತಿ ಕುರ್ಚಿಗೆ ಕುಸಿಯುತ್ತಿದ್ದಳು.
ಥೆಲ್ಮಾ ಟೋಸ್ಟಿಗೆ ಮಾರ್ಮಲೇಡ್ ಸವರುತ್ತಾಳೆ, ಅಂಚಿನವರೆಗೂ.
ಚಪ್ಪಲಿ ಪೆಟ್ಟಿಗೆಯೊಂದರಲ್ಲಿ ಚೀಟಿಗಳಿವೆ ಅವನ ಬಳಿ,
ಹೊಳೆದ ಸುಳಿವನ್ನೆಲ್ಲ ಕೂಡಿಟ್ಟದ್ದು;
ಈ ಮರಳನ್ನು ಅವಳು ಅದರಲ್ಲಿ ಕಂಡದ್ದು
ಅವನ ತಾಯಿಯನ್ನು ಕಾಣುವುದಕ್ಕೂ ಮೊದಲು.
ಅಂಚಿನಲ್ಲಿ: ಪೆಟ್ಟಿಗೆಯ ಮಾಲು. ಅರ್ಧ ಅಂಕ.

ಇಪ್ಪತ್ತೆರಡು, ಎಡದಿಂದ ಬಲಕ್ಕೆ:
'ಬಂದವರು ಮೊದಲು ತಟ್ಟುವುದು. ಐದು.'

ಮುಂಬಾಗಿಲು. ಮುಂ, ಬಾ, ಗಿ, ಲು.
ಚೌಕಗಳು ನಾಲ್ಕೇ.
ಪೆನ್ನಿನ ತುದಿಯಿಂದ ಮತ್ತೆ ಎಣಿಸುತ್ತಾಳೆ: ನಾಲ್ಕು.
ಸೊನ್ನೆಯನ್ನೂ ಒಂದು ಮನೆಯೆಂದು ಲೆಕ್ಕ ಹಿಡಿದಿದ್ದಾನೆ,
ಹಾಳು ಮನುಷ್ಯ, ಅದೇ ಚಾಳಿ,
ಏನೂ ಇಲ್ಲದ್ದಕ್ಕೂ ಒಂದು ಬೆರಳು ಮಡಿಸುವುದು.

ಚಹಾ ಆರುತ್ತದೆ.

ತಪ್ಪು ಯಾರು ಮಾಡುವುದಿಲ್ಲ. ಆದರೆ ಈ ತಪ್ಪು
ಅವನ ಮೇಜಿನಿಂದ ಹೊರಟು, ಲಕೋಟೆ ಹೊಕ್ಕು, ರೈಲು ಹತ್ತಿ,
ಅಚ್ಚಾಗಿ ಇವಳ ಟೋಸ್ಟಿನ ಪಕ್ಕ ಬಂದು ಕೂತಿದೆ;
ದಾರಿಯಲ್ಲಿ ಯಾರೂ ಭುಜ ಹಿಡಿದು ನಿಲ್ಲಿಸಿಲ್ಲ.
ಕೆಂಡಲ್‌ನ ದಂತವೈದ್ಯೆಯ ಸುದ್ದಿ ಕೇಳಿದ್ದಳು,
ಚೆನ್ನಾಗಿದ್ದಾರಂತೆ ಎಂದೂ ಕೇಳಿದ್ದಳು.
ಈಗ ಈ ಐದು.

ಡ್ರಾಯರಿನಲ್ಲಿ ಒಂದು ಪೋಸ್ಟ್‌ಕಾರ್ಡ್ ಇದೆ,
ಚಿತ್ರದಲ್ಲಿ ಇಳಿತದ ಕೊಲ್ಲಿ, ಯಾರದೋ ನಾಯಿ.
'ಉಲ್ಲಂಕಿಗೆ, ಪತ್ರಿಕೆಯ ಕಚೇರಿಯ ಮೂಲಕ.
೨೨, ಎಡದಿಂದ ಬಲಕ್ಕೆ: ನಾಲ್ಕು.'
ಹೆಸರು ಹಾಕಲಿಲ್ಲ. ಅಕ್ಷರ ಅವನಿಗೆ ಗೊತ್ತು;
ಗೊತ್ತಾಗದಿದ್ದರೂ ಲೆಕ್ಕ ಸರಿಯಾಯಿತಲ್ಲ.

ನೋಟ್‌ಬುಕ್ಕಿನಲ್ಲಿ ಐದಕ್ಕೆ ಮೂರು ಎಂದು ಬರೆದು, ಕೋಟು ಹಾಕಿಕೊಂಡಳು.
ಇಪ್ಪತ್ತಾರು ಖಾಲಿ ಉಳಿದಿತ್ತು: 'ಇಷ್ಟೇ ಇಷ್ಟು, ಆದರೆ ಸಿಡಿಯುತ್ತದೆ.'
ಕೆಂಪು ಅಂಚೆಪೆಟ್ಟಿಗೆಯ ಬಾಯಿಗೆ ಕಾರ್ಡು ಹಾಕುವಾಗ,
ಗಾಳಿಗೆ ಸ್ಕಾರ್ಫು ಹಿಡಿದುಕೊಳ್ಳುವಾಗ ಹೊಳೆಯಿತು.

ಸಾಸಿವೆ! ಥತ್, ಎಷ್ಟು ಸುಲಭ.
ಪೆನ್ನು ಮನೆಯಲ್ಲೇ.