ಪೂರ್ವಕ್ಕೆ

ವರ್ಷಕ್ಕೆರಡು ಸಲ, ಮಾರ್ಚಿಗೊಮ್ಮೆ ಸೆಪ್ಟೆಂಬರಿಗೊಮ್ಮೆ,
ಸ್ಕಿಪ್‌ಸೀ ಊರಿನ ದಿಬ್ಬದಂಚಿಗೆ ಬರುತ್ತೇನೆ.
ಎರಡು ಮೀಟರ್ ಕೋಲು, ಅದರ ತಲೆಗೊಂದು ಬಿಳಿ ಅಣಬೆ,
ನನ್ನ ಸೊಂಟಕ್ಕೆ ಹಗ್ಗ. ಹಗ್ಗದ ಆ ತುದಿ ಕೀತ್ ಕೈಲಿ,
ಅವನ ಇನ್ನೊಂದು ಕೈಲಿ ಸಾಸೇಜ್ ರೋಲು.

ಕೋಲು ನೆಟ್ಟಗಿರಬೇಕು. ಗಾಜಿನ ಕಣ್ಣೊಳಗೆ
ಗುಳ್ಳೆ ನಡುವಿಗೆ ಬಂದು ಕೂರಬೇಕು.
ಹಟದ ಕೂಸಿಗೆ ತುತ್ತು ಹಿಡಿದವಳ ಹಾಗೆ
ಉಸಿರು ಕಟ್ಟಿ ಕಾಯುತ್ತೇನೆ.
ಮೇಲೆ, ಕಾಣದಷ್ಟು ಮೇಲೆ,
ಹದಿನಾಲ್ಕು ಉಪಗ್ರಹಗಳು ಬರೀ ಹೊತ್ತು ಹೇಳುತ್ತವೆ,
ಬೇರೇನೂ ಗೊತ್ತಿಲ್ಲ ಅವಕ್ಕೆ.
ಅವು ಹೇಳಿದ ಹೊತ್ತಿಗೂ ನನಗೆ ಕೇಳಿದ ಹೊತ್ತಿಗೂ
ಇರುವ ಕೂದಲೆಳೆಯಲ್ಲಿ
ನಾನೆಲ್ಲಿ ನಿಂತಿದ್ದೇನೆಂಬುದು ಇದೆ.
ಎಂಟು ಮೀಟರ್. ಒಂದೂವರೆ. ನಲವತ್ತು ಸೆಂಟಿ. ಎರಡು.
ಕೀಂಯ್.
ಟ್ಯಾಬ್ಲೆಟ್ಟಿನ ನಕ್ಷೆಯ ಮೇಲೊಂದು ಕೆಂಪು ಚುಕ್ಕಿ.
ಐದು ಹೆಜ್ಜೆ ನಡೆ. ಮತ್ತೆ ಗುಳ್ಳೆ. ಮತ್ತೆ ಕೀಂಯ್.
ಹೋದ ಸಲದ ಗೆರೆಗೂ ಈ ಸಲದ ಗೆರೆಗೂ ನಡುವೆ
ಯಾರದೋ ಬೇಲಿ, ಬೆಂಚು, ಒಂದಿಷ್ಟು ಹುಲ್ಲು.

ಬೆರಿಲ್ ಸ್ಟಾಥರ್ಸಳ ಕ್ಯಾರವಾನ್ ಪಾರ್ಕಿನಲ್ಲಿ
ಸಾಲುಗಳ ಲೆಕ್ಕ ಶುರುವಾಗುವುದೇ ನಾಲ್ಕರಿಂದ.
ಒಂದು ಎರಡು ಮೂರು ಎಲ್ಲಿ, ಕೇಳುತ್ತಾರಂತೆ ಹೊಸಬರು.
ಚಹಾದ ಮಗ್ಗು ಹಿಡಿದ ಕೈಯನ್ನೇ ಚಾಚುತ್ತಾಳೆ
ಕಡಲಹಕ್ಕಿ ತೇಲುವ ಕಡೆಗೆ.

ನಮ್ಮ ಕಡೆ ಕ್ರಯಪತ್ರದಲ್ಲಿ ಚಕ್ಕುಬಂದಿ ಬರೆಯುತ್ತಾರೆ, ಎಂದೆ,
ಇಂತಿಂಥ ದಿಕ್ಕಿಗೆ ಇಂತಿಂಥವರ ಬಾವಿ, ಓಣಿ, ಬದು.
ನಿನ್ನದಕ್ಕೆ?
ಪಶ್ಚಿಮಕ್ಕೆ ಬಟಾಣಿ ಹೊಲ, ಮಾರಲೊಲ್ಲದ ಮುಸುಡಿಯವನದು.
ಉತ್ತರಕ್ಕೆ ಬಾಗಿಲು ಹಾಕಿದ ಪಬ್ಬು.
ದಕ್ಷಿಣಕ್ಕೆ ಅರ್ಧ ರಸ್ತೆ.
ಪೂರ್ವಕ್ಕೆ, ಎಂದವಳು ತಡೆದು,
ಅದನ್ನು ಬರೆಯೋಕಲ್ಲವೇನೆ ನೀನು ಬಂದಿರೋದು?

ಹೊರಡುವಾಗ ಹಿಂದೆಯೇ ಬಂದಳು.
ನನಗೂ ಒಂದು ಚುಕ್ಕಿ ಹಾಕು. ಒಂದನೇ ಸಾಲಿನ ನಲ್ಲಿಗೆ.
ಅಲ್ಲೀಗ ಬರೀ ಗಾಳಿ ಇದೆ, ಬೆರಿಲ್.
ನೀರಿತ್ತು, ಅಂದಳು. ಹಲ್ಲು ಜುಮ್ಮೆನ್ನುವ ನೀರು.

ಗಾಳಿಯಲ್ಲಿ ಕೋಲು ನಿಲ್ಲುವುದಿಲ್ಲ.
ಸಂಜೆ ಕಚೇರಿಯಲ್ಲಿ ಹಳೆಯ ಪದರಗಳನ್ನು
ಒಂದೊಂದಾಗಿ ಈರುಳ್ಳಿಯಂತೆ ಬಿಡಿಸಿದೆ.
ಇಪ್ಪತ್ತು ವರ್ಷದ ಕೆಳಗೆ, ಬೂದು ಬಣ್ಣದಲ್ಲಿ, ಇತ್ತು: ನಲ್ಲಿ.
ಅಕ್ಷಾಂಶ ರೇಖಾಂಶ ಹೆಕ್ಕಿ ಇವತ್ತಿನ ನಕ್ಷೆಗಿಟ್ಟೆ.
ಯಾವ ಬಗೆ? ಕೇಳಿತು ಪರದೆ. ‘ಇತರೆ’ ಎಂದೆ.
ಈ ಬಿಂದು ಸಮುದ್ರದಲ್ಲಿದೆ, ಖಚಿತವೇ?
ಹೌದು.
ಅಲ್ಲಿ ಯಾರಿಗಮ್ಮ ನಲ್ಲಿ, ಎಂದ ಕೀತ್, ಕೋಟು ಹುಡುಕುತ್ತ.
ಏಡಿಗಳಿಗೆ.

ಮಾರ್ಚಿಗೆ ಹೋದಾಗ
ನಾಲ್ಕರ ಫಲಕ ಕಿತ್ತು ಶೆಡ್ಡಿನ ಗೋಡೆಗೆ ಆನಿಸಿಟ್ಟಿದ್ದಳು.
ಅದರ ಕಂಬವಿದ್ದ ಹಸಿ ಕುಳಿಗೆ ಕೋಲು ಊರಿದೆ.
ಅಲುಗಾಡಲಿಲ್ಲ. ಗುಳ್ಳೆ
ತಾನಾಗಿಯೇ ಬಂದು ನಡುವೆ ಕೂತಿತು.